ಮನೆ ಕಿರಿದಾದಾಗ ಚಾವಡಿ ಎಲ್ಲಿಗೆ ಹೋಗುತ್ತದೆ? ಸರಳ ಬದುಕಿನ ಮಾತು ಮತ್ತು ಕನ್ನಡ ಕಾದಂಬರಿಯ ಮನೆಗಳು

(ಗಡಿನಾಡ ಕನ್ನಡ ಸಮುದಾಯಗಳನ್ನು ಕುರಿತ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವನ್ನು ಕೊಟ್ಟಿದೆ.)

ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು, ತಾಳವಾಡಿ, ರಾಯದುರ್ಗದ ಕಡೆಯಿಂದ ಸೇರಿಕೊಂಡಿರುವ ಅಧ್ಯಾಪಕ ಮಿತ್ರರಿಗೂ ಸಂಶೋಧನಾ ವಿದ್ಯಾರ್ಥಿಗಳಿಗೂ ಕಾಸರಗೋಡಿನಿಂದ ವಂದನೆ. ಇಲ್ಲಿ ಜೋರು ಮಳೆ ಉಂಟು, ನಡುವೆ ಕರೆಂಟು ಹೋದರೆ ಸ್ವಲ್ಪ ಸಹಿಸಿಕೊಳ್ಳಿ.

ನಾನು ಮಾತಾಡಬೇಕೆಂದಿರುವುದು ನಮ್ಮಲ್ಲಿ ಅನೇಕರು ಈಗ ಎದುರಿಸುತ್ತಿರುವ ಒಂದು ಸಂಗತಿಯ ಬಗ್ಗೆ. ಐವತ್ತರ ಆಸುಪಾಸಿನಲ್ಲಿ ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವುದು, ಸಾಮಾನು ಕಡಿಮೆ ಮಾಡುವುದು, ಬದುಕನ್ನು ಸರಳ ಮಾಡಿಕೊಳ್ಳುವುದು. ಇದರ ಬಗ್ಗೆ ಇಂಗ್ಲಿಷಿನಲ್ಲಿ ಕಪಾಟು ತುಂಬುವಷ್ಟು ಪುಸ್ತಕಗಳಿವೆ. ಕನ್ನಡದಲ್ಲಿ ಆ ಹೆಸರಿನ ಪುಸ್ತಕ ಹುಡುಕಿದರೆ ಸಿಗುವುದು ಕಡಿಮೆ. ಆದರೆ ನಮ್ಮ ಕಾದಂಬರಿಗಳು ಮನೆ ದೊಡ್ಡದಾಗುವುದು, ಚಿಕ್ಕದಾಗುವುದು, ಒಡೆಯುವುದು, ಖಾಲಿಯಾಗುವುದು ಇದನ್ನೇ ಮತ್ತೆ ಮತ್ತೆ ಬರೆದಿವೆ. ಅವನ್ನು ಈ ಪ್ರಶ್ನೆ ಇಟ್ಟುಕೊಂಡು ಓದಿದರೆ ಏನು ಸಿಗುತ್ತದೆ ಅಂತ ನೋಡುವುದು ನನ್ನ ಉದ್ದೇಶ. ನಾಲ್ಕು ಕೃತಿಗಳನ್ನು ತೆಗೆದುಕೊಳ್ಳುತ್ತೇನೆ: ಕಾರಂತರ ‘ಮರಳಿ ಮಣ್ಣಿಗೆ’ ಮತ್ತು ‘ಬೆಟ್ಟದ ಜೀವ’, ವಿವೇಕ ಶಾನಭಾಗರ ‘ಘಾಚರ್ ಘೋಚರ್’, ನಮ್ಮೂರಿನವರೇ ಆದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’.

1. ಮೊದಲು ಪದದ ತೊಡಕು

ನಮ್ಮ ಭಾಷೆಯಲ್ಲಿ ಇದಕ್ಕೊಂದು ಮರ್ಯಾದೆಯ ಪದವೇ ಇಲ್ಲ, ಗಮನಿಸಿದ್ದೀರಾ? ‘ದೊಡ್ಡಮನೆ’ ಅಂದರೆ ಗೌರವ. ‘ದೊಡ್ಡಮನೆಯವರು’ ಅಂದರೆ ಊರೇ ಎದ್ದು ನಿಲ್ಲುತ್ತದೆ. ‘ಚಿಕ್ಕಮನೆ’ ಅಂದರೆ ಒಂದೋ ಬಡತನ, ಇಲ್ಲವೋ ಗಂಡಸಿನ ಗುಟ್ಟು. ಹೊಸೂರಿನ ಗೆಳೆಯರು ಆಗಲೇ ನಗುತ್ತಿದ್ದಾರೆ, ತಮಿಳಿನ ‘ಚಿನ್ನ ವೀಡು’ ಅವರಿಗೆ ಗೊತ್ತು. ‘ಮನೆ ಮುರಿಯಿತು’ ಅಂದರೆ ಸಂಸಾರ ಹಾಳಾಯಿತು. ‘ಮನೆ ಬಿಟ್ಟರು’ ಅಂದರೆ ಜಗಳ. ‘ಮನೆ ಖಾಲಿ ಮಾಡಿದರು’ ಅಂದರೆ ಬಾಡಿಗೆ ಬಾಕಿ! ತಾನಾಗಿ, ಯೋಚಿಸಿ, ಸಂತೋಷದಿಂದ ಚಿಕ್ಕ ಮನೆಗೆ ಹೋದೆವು ಅಂತ ಹೇಳಲಿಕ್ಕೆ ನಮ್ಮಲ್ಲಿ ಒಂದು ಇಡೀ ವಾಕ್ಯವೇ ಬೇಕು, ಆ ವಾಕ್ಯವನ್ನೂ ಕೇಳುವವರು ನಂಬುವುದಿಲ್ಲ. “ಏನು, ಸಾಲ ಉಂಟಾ?” ಅಂತ ಕೇಳುತ್ತಾರೆ.

ವಾನಪ್ರಸ್ಥ ಇದೆಯಲ್ಲ ಅಂತ ಕೆಲವರು ಹೇಳಬಹುದು. ನನಗೆ ಅದು ಹೊಂದುವುದಿಲ್ಲ ಅನಿಸುತ್ತದೆ. ಶಾಸ್ತ್ರದ ವಾನಪ್ರಸ್ಥದಲ್ಲಿ ಮನೆ ಹಾಗೆಯೇ ಇರುತ್ತದೆ, ಮಗನ ಕೈಗೆ ಹೋಗುತ್ತದೆ, ಹಿರಿಯರು ಹೊರಡುತ್ತಾರೆ. ನಮ್ಮಲ್ಲಿ ಮೊದಲು ಹೊರಟವರು ಮಕ್ಕಳು. ಒಬ್ಬರು ಬೆಂಗಳೂರಿಗೆ, ಒಬ್ಬರು ಗಲ್ಫಿಗೆ. ಮನೆ ಕಾಯುತ್ತ ಉಳಿದವರು ನಡುವಯಸ್ಸಿನವರು. ಕೊಡಲಿಕ್ಕೆ ಮನೆ ಉಂಟು, ತೆಗೆದುಕೊಳ್ಳಲಿಕ್ಕೆ ಜನ ಇಲ್ಲ.

2. ಹೊರಗಿನಿಂದ ಬಂದ ಸರಳತೆಯ ಮಾತು

ಇಂದು ನಮ್ಮ ಮೊಬೈಲಿಗೆ ಬರುವ ಸರಳತೆಯ ಮಾತಿಗೆ ಹೊರಗೆ ಕೆಲವು ಮೂಲಗಳಿವೆ. ಹಳೆಯದು ಥೋರೋ. ಆತ 1845ರ ಜುಲೈನಲ್ಲಿ ವಾಲ್ಡನ್ ಕೊಳದ ಹತ್ತಿರ ಹತ್ತಡಿ ಅಗಲ, ಹದಿನೈದು ಅಡಿ ಉದ್ದದ ಒಂದು ಗುಡಿಸಲು ಕಟ್ಟಿಕೊಂಡು ಎರಡು ವರ್ಷ ಎರಡು ತಿಂಗಳು ಇದ್ದ. ಖರ್ಚು 28 ಡಾಲರಿನ ಮೇಲೆ ಚಿಲ್ಲರೆ. ಪುಸ್ತಕ ಬಂದದ್ದು 1854ರಲ್ಲಿ. ಇತ್ತೀಚಿನವರು ಜಪಾನಿನ ಮರಿ ಕೊಂಡೊ: ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಇದು ನನಗೆ ಸಂತೋಷ ಕೊಡುತ್ತದೆಯೇ ಅಂತ ಕೇಳಿಕೊಳ್ಳಬೇಕು, ಇಲ್ಲವಾದರೆ ಕಳಿಸಿಬಿಡಬೇಕು. ಇನ್ನೊಬ್ಬರು ಸ್ವೀಡನ್ನಿನ ಮಾರ್ಗರೆಟಾ ಮ್ಯಾಗ್ನುಸನ್. ನಾವು ಸತ್ತ ಮೇಲೆ ನಮ್ಮ ಸಾಮಾನು ಬೇರೆಯವರಿಗೆ ಹೊರೆಯಾಗಬಾರದು, ಇರುವಾಗಲೇ ನಾವೇ ತೆರವು ಮಾಡಿಡಬೇಕು ಅನ್ನುವುದು ಅವರ ಮಾತು. ಇಂಗ್ಲಿಷಿಗೆ 2017ರಲ್ಲಿ ಬಂತು.

ಮೂವರನ್ನೂ ಹೀಗಳೆಯಲಿಕ್ಕೆ ನಾನು ಹೊರಟಿಲ್ಲ. ಮ್ಯಾಗ್ನುಸನ್ ಅವರ ಕಾಳಜಿ ದೊಡ್ಡದು, ಅವರು ಉಳಿದವರ ಬೆನ್ನಿನ ಬಗ್ಗೆ ಯೋಚಿಸುತ್ತಾರೆ. ಥೋರೋನ ಗುಡಿಸಲಿನಲ್ಲಿ ಮೂರು ಕುರ್ಚಿಗಳಿದ್ದವು. ಯಾವ ಕುರ್ಚಿ ಯಾರಿಗೆ, ಎಷ್ಟು ಜನ ಬಂದರೆ ಏನು ಅಂತ ಆತ ಲೆಕ್ಕ ಇಟ್ಟಿದ್ದ. ಅಂದರೆ ಆತ ಮನೆಯನ್ನು ಅಳೆದದ್ದು ಬರುವವರಿಂದ. ಮರಿ ಕೊಂಡೊ ಹತ್ತಿರ ಬರುವಾಗ ಆ ಲೆಕ್ಕ ಕಾಣುವುದಿಲ್ಲ. ಅಲ್ಲಿ ಉಳಿಯುವುದು ನಾನು ಮತ್ತು ನನ್ನ ವಸ್ತು, ನಡುವೆ ಮೂರನೆಯವರು ಇಲ್ಲ. ಆದರೆ ಮೂವರಲ್ಲೂ ಒಂದು ಸಮಾನ ಅಂಶ ಉಂಟು: ಬಿಡುವ ಅಧಿಕಾರ ತನಗಿದೆ ಅನ್ನುವುದನ್ನು ಅವರು ಯಾರೂ ಅನುಮಾನಿಸುವುದಿಲ್ಲ. ಥೋರೋ ಕಟ್ಟಿದ ಜಾಗ ಗೆಳೆಯ ಎಮರ್ಸನ್ನನದ್ದು. ಆದರೂ ಅಲ್ಲಿ ಇರುವುದು, ಬಿಡುವುದು ಆತನ ಇಷ್ಟ. ನಮ್ಮ ಕಾದಂಬರಿಗಳು ಪ್ರಶ್ನೆ ಶುರುಮಾಡುವುದೇ ಇಲ್ಲಿಂದ.

3. ಕಾರಂತರ ಎರಡು ಮನೆ

‘ಮರಳಿ ಮಣ್ಣಿಗೆ’ 1941ರದ್ದು. ಕೋಡಿಯ ರಾಮ ಐತಾಳರಿಂದ ಮೊಮ್ಮಗ ರಾಮನವರೆಗೆ ಮೂರು ತಲೆಮಾರು. ಸಾಮಾನ್ಯವಾಗಿ ತರಗತಿಯಲ್ಲಿ ನಾವು ಹೇಗೆ ಪಾಠ ಮಾಡುತ್ತೇವೆ? ಪೇಟೆಗೆ ಹೋದ ಲಚ್ಚ ಹಾಳಾದ, ಮದರಾಸಿನಲ್ಲಿ ಓದಿದ ಅವನ ಮಗ ರಾಮ ಕೊನೆಗೆ ಮಣ್ಣಿಗೆ ಮರಳಿ ಸರಳ ಬದುಕು ಆರಿಸಿಕೊಂಡ. ಗಾಂಧಿಯುಗದ ಆದರ್ಶ, ಪರೀಕ್ಷೆಗೆ ಹತ್ತು ಅಂಕ.

ಈಗ ಮನೆಯ ಲೆಕ್ಕ ಇಟ್ಟು ಓದಿ ನೋಡಿ. ಐತಾಳರ ಮನೆ ನಿಂತದ್ದು ಯಾರ ಬೆನ್ನಿನ ಮೇಲೆ? ವಿಧವೆ ತಂಗಿ ಸರಸೋತಿ, ಮಕ್ಕಳಿಲ್ಲದ ಮೊದಲ ಹೆಂಡತಿ ಪಾರೋತಿ. ಗದ್ದೆ, ಹಟ್ಟಿ, ಸೌದೆ, ಅಡುಗೆ ಎಲ್ಲ ಅವರದ್ದೇ ದುಡಿಮೆ. ಮನೆಯ ಮರ್ಯಾದೆ ಗಂಡಸಿನದ್ದು, ಅದರ ಭಾರ ಹೆಂಗಸಿನದ್ದು. ಮನೆ ಹೆಚ್ಚಿದರೆ ಭಾರವೂ ಹೆಚ್ಚಿತು. ಲಚ್ಚನ ಕಾಲಕ್ಕೆ ಆಸ್ತಿ ಕರಗಿತು. ಆದರೆ ಆಸ್ತಿ ಕರಗಿದ್ದರಿಂದ ನಾಗವೇಣಿಯ ಭಾರ ಇಳಿಯಲಿಲ್ಲ. ಇದು ಮುಖ್ಯ. ಹೊರಗಿನ ಸರಳತೆಯ ಪುಸ್ತಕಗಳಲ್ಲಿ ಸಾಮಾನು ಕಡಿಮೆಯಾದರೆ ಹೊರೆ ಕಡಿಮೆಯಾಗುತ್ತದೆ. ಕಾರಂತರಲ್ಲಿ ಹಾಗೆ ಆಗುವುದಿಲ್ಲ. ಮನೆ ಚಿಕ್ಕದಾದದ್ದು ಗಂಡಸಿನ ಚಟದಿಂದ, ಅದರ ಬೆಲೆ ಕಟ್ಟಿದ್ದು ಅವನ ಹೆಂಡತಿ.

ಇನ್ನು ರಾಮ ಮರಳುತ್ತಾನೆ ಅನ್ನುವ ಮಾತು. ಮರಳಲಿಕ್ಕೆ ಅಲ್ಲಿ ಮಣ್ಣು ಉಳಿದಿರಬೇಕಲ್ಲ? ಅವನು ದೂರದಲ್ಲಿ ಓದುತ್ತಿದ್ದಾಗ ಇಲ್ಲಿ ಕಷ್ಟಪಟ್ಟು ಬದುಕು ಹಿಡಿದುಕೊಂಡವಳು ಅಮ್ಮ. ಸರಳ ಬದುಕನ್ನು ಆರಿಸಿಕೊಳ್ಳುವ ಭಾಗ್ಯ ಮಗನಿಗೆ ಸಿಕ್ಕಿತು. ಅವಳಿಗೆ ಆ ಬದುಕು ಆಯ್ಕೆಯಾಗಿ ಬರಲೇ ಇಲ್ಲ, ವಿಧಿಯಾಗಿ ಬಂತು. ಒಂದೇ ಮನೆಯಲ್ಲಿ ಒಂದೇ ಗಂಜಿ ಉಣ್ಣುವ ಇಬ್ಬರಲ್ಲಿ ಒಬ್ಬರದ್ದು ಸರಳತೆ, ಇನ್ನೊಬ್ಬರದ್ದು ಬಡತನ. ಕಾರಂತರು ಇದನ್ನು ಎಲ್ಲಿಯೂ ಭಾಷಣವಾಗಿ ಹೇಳುವುದಿಲ್ಲ. ಆದರೆ ನಾಗವೇಣಿಗೆ ಕೊಟ್ಟ ಪುಟಗಳೇ ಸಾಕ್ಷಿ.

‘ಬೆಟ್ಟದ ಜೀವ’ 1943ರದ್ದು, ನಮ್ಮ ನೆರೆಯ ಸುಳ್ಯ, ಸುಬ್ರಹ್ಮಣ್ಯ ಸೀಮೆಯ ಕತೆ. ಕೆಳಬೈಲಿನಲ್ಲಿ ಗೋಪಾಲಯ್ಯ, ಶಂಕರಮ್ಮ ಇಬ್ಬರೇ. ಮಗ ಶಂಭು ಬಿಟ್ಟುಹೋಗಿದ್ದಾನೆ. ಮಗನಂತೆ ಸಾಕಿದ ನಾರಾಯಣ ಹೆಂಡತಿಯೊಂದಿಗೆ ಕಾಟುಮೂಲೆಯ ತೋಟದಲ್ಲಿದ್ದಾನೆ. ಇಂದಿನ ಸಲಹೆಗಾರರು ಯಾರಾದರೂ ಬಂದರೆ ಗೋಪಾಲಯ್ಯನವರಿಗೆ ಏನು ಹೇಳುತ್ತಿದ್ದರು? “ನೀವು ಇಬ್ಬರಿಗೆ ಇಷ್ಟೆಲ್ಲ ಯಾಕೆ? ಪೇಟೆಯಲ್ಲಿ ಒಂದು ಚಿಕ್ಕ ಮನೆ ನೋಡಿ.” ಸರಿಯೇ. ಆದರೆ ಕಾದಂಬರಿ ನಡೆಯುವುದೇ ದಾರಿ ತಪ್ಪಿದ ಒಬ್ಬ ಅಪರಿಚಿತ ಆ ಮನೆಗೆ ಬಂದದ್ದರಿಂದ. ಅವನಿಗೆ ಊಟ, ಹಾಸಿಗೆ, ದಿನಗಟ್ಟಲೆ ಮಾತು. ಆ ಮನೆಯಲ್ಲಿ ಹೆಚ್ಚಾಗಿ ಇದ್ದ ಜಾಗ ದಂಪತಿಗಳಿಗೆ ಬೇಡವಾಗಿದ್ದಿರಬಹುದು, ಆದರೆ ಬರುವವನಿಗೆ ಅದು ಬೇಕಾಗಿತ್ತು. ನಿರೂಪಕ ಇಲ್ಲದಿದ್ದರೆ ಆ ದಂಪತಿಗಳ ದುಃಖ ನಮಗೆ ತಲುಪುತ್ತಲೂ ಇರಲಿಲ್ಲ. ಮನೆಯಲ್ಲಿ ಒಂದು ಹೆಚ್ಚಿನ ಕೋಣೆ ಇದ್ದದ್ದರಿಂದ ಒಂದು ಕಾದಂಬರಿ ಸಾಧ್ಯವಾಯಿತು ಅಂದರೆ ತಮಾಷೆ ಅಂತ ಅಂದುಕೊಳ್ಳಬೇಡಿ.

4. ಹಿಂದುಮುಂದಾದ ಕತೆ

‘ಘಾಚರ್ ಘೋಚರ್’ 2013ರಲ್ಲಿ ಬಂತು. ಇದು ಚಿಕ್ಕ ಮನೆಯಿಂದ ದೊಡ್ಡ ಮನೆಗೆ ಹೋದವರ ಕತೆ, ಹಾಗಾಗಿ ನಮ್ಮ ವಿಷಯವನ್ನು ಉಲ್ಟಾ ಹಿಡಿದು ನೋಡಲು ಒಳ್ಳೆಯದು. ಬೆಂಗಳೂರಿನ ಒಂದು ಕುಟುಂಬ. ಮೊದಲು ರೈಲಿನ ಡಬ್ಬಿಗಳಂತೆ ಒಂದರ ಹಿಂದೆ ಒಂದು ಕೋಣೆ ಇರುವ ಮನೆ. ಅಪ್ಪ ಸೇಲ್ಸ್‌ಮನ್. ಮನೆಗೆ ಒಂದು ವಸ್ತು ಬರಬೇಕಾದರೆ ಎಲ್ಲರೂ ಕೂತು ಯೋಚಿಸಬೇಕು. ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿತು, ಎರಡಂತಸ್ತಿನ ಮನೆ ಬಂತು, ಪೀಠೋಪಕರಣ ತುಂಬಿತು, ಬೇಕು ಅನ್ನುವುದಕ್ಕೂ ಬಂತು ಅನ್ನುವುದಕ್ಕೂ ನಡುವೆ ಇದ್ದ ಯೋಚನೆ ಮಾಯವಾಯಿತು.

ಈ ಕೃತಿಯನ್ನು ‘ದುಡ್ಡು ಬಂದು ನೀತಿ ಹೋಯಿತು’ ಅಂತ ಸಾರಾಂಶ ಮಾಡುವುದು ಸುಲಭ. ಹಾಗೆ ಓದಿದರೆ ಚಿಕ್ಕ ಮನೆ ಸ್ವರ್ಗವಾಗುತ್ತದೆ, ಸರಳತೆಯ ಪ್ರಚಾರಕರಿಗೆ ಒಳ್ಳೆಯ ಉದಾಹರಣೆ ಸಿಗುತ್ತದೆ. ಆದರೆ ಇರುವೆಗಳನ್ನು ಮರೆಯಬೇಡಿ. ಆ ಹಳೆಯ ಚಿಕ್ಕ ಮನೆಯಲ್ಲೇ ಅಮ್ಮ, ಮಗಳು, ಎಲ್ಲರೂ ಸೇರಿ ಇರುವೆಗಳ ಮೇಲೆ ಯುದ್ಧ ಮಾಡುತ್ತಾರೆ, ಕೊಲ್ಲುವುದರಲ್ಲಿ ರುಚಿ ಹತ್ತುತ್ತದೆ. ಮುಂದೆ ದೊಡ್ಡ ಮನೆಯ ಬಾಗಿಲಿಗೆ ಬಂದ ಒಬ್ಬ ಹೆಂಗಸನ್ನು ಅವರು ಎದುರಿಸುವ ರೀತಿಗೆ ಅಭ್ಯಾಸ ಆದದ್ದು ಅಲ್ಲೇ. ಒಟ್ಟಾಗಿರುವುದು ಅಂದರೆ ಹೊರಗಿನವರ ವಿರುದ್ಧ ಒಟ್ಟಾಗಿರುವುದು ಅಂತ ಅವರು ಚಿಕ್ಕ ಮನೆಯಲ್ಲೇ ಕಲಿತಿದ್ದರು. ದೊಡ್ಡ ಮನೆ ಅದಕ್ಕೆ ಬಲ ಕೊಟ್ಟಿತು. ಶಾನಭಾಗರ ವಿಮರ್ಶೆ ಇರುವುದು ಇಲ್ಲಿ. ಚದರಡಿ ಕಡಿಮೆಯಾದ ಮಾತ್ರಕ್ಕೆ ಮನೆ ಮೃದುವಾಗುವುದಿಲ್ಲ. ಬಾಗಿಲಿಗೆ ಬಂದವರನ್ನು ಏನು ಮಾಡುತ್ತದೆ ಅನ್ನುವುದರಲ್ಲೇ ಮನೆಯ ಪರೀಕ್ಷೆ.

5. ಮನೆಯೇ ಇಲ್ಲದವಳು

ಚಂದ್ರಗಿರಿ ನಮ್ಮ ನದಿ. ಮಹಾಜನ ಆಯೋಗ 1967ರ ವರದಿಯಲ್ಲಿ ಕಾಸರಗೋಡಿನ ಯಾವ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಹೇಳುವಾಗ ಗೆರೆ ಎಳೆದದ್ದು ಇದೇ ನದಿಯ ಮೇಲೆ. ಹಾಗಾಗಿ ನಮ್ಮ ಗಡಿ ಚರ್ಚೆಯಲ್ಲಿ ಚಂದ್ರಗಿರಿ ಅಂದರೆ ರಾಜ್ಯಗಳ ಗಡಿ. ಸಾರಾ ಅವರ ಕಾದಂಬರಿಯಲ್ಲಿ ಅದೇ ನದಿಯ ದಡದಲ್ಲಿ ಇನ್ನೊಂದು ಗಡಿ ಇದೆ: ಅಪ್ಪನ ಮನೆ ಮತ್ತು ಗಂಡನ ಮನೆಯ ನಡುವಿನ ಗಡಿ. ನಾದಿರಾ ಗಂಡ ರಶೀದನ ಜೊತೆ ಸುಖವಾಗಿಯೇ ಇದ್ದವಳು. ಅಪ್ಪ ಮಹಮ್ಮದ್ ಖಾನ್ ಅವಳನ್ನು ತನ್ನ ಮನೆಗೆ ಕರೆತಂದು ತಲಾಕ್ ಆಗುವ ಹಾಗೆ ಮಾಡುತ್ತಾನೆ. ಮತ್ತೆ ಗಂಡನ ಮನೆ ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಬಿಡುಗಡೆ ಪಡೆಯಬೇಕು. ಅವಳ ಕತೆ ನೀರಿನಲ್ಲಿ ಮುಗಿಯುತ್ತದೆ.

ಈ ಕಾದಂಬರಿಯನ್ನು ನಾವು ಧರ್ಮ, ಸ್ತ್ರೀವಾದ ಅಂತ ಓದಿದ್ದೇವೆ, ಸರಿಯಾಗಿಯೇ ಓದಿದ್ದೇವೆ. ಮನೆಯ ಪ್ರಶ್ನೆಗೂ ಅದು ಉತ್ತರ ಕೊಡುತ್ತದೆ. ನಾದಿರಾ ಎರಡು ಮನೆಗಳಲ್ಲಿ ಬಾಳಿದಳು, ಎರಡರಲ್ಲೂ ದುಡಿದಳು, ಎರಡೂ ಅವಳದ್ದಲ್ಲ. ಯಾವ ಮನೆಯಲ್ಲಿ ಇರಬೇಕು, ಯಾವಾಗ ಬಿಡಬೇಕು ಎಂಬುದನ್ನು ಬೇರೆಯವರು ತೀರ್ಮಾನಿಸುತ್ತಾರೆ. ಅವಳ ಮುಂದೆ ಹೋಗಿ ಯಾರಾದರೂ ಮನೆ ಚಿಕ್ಕದು ಮಾಡಿಕೋ, ಬಿಡುಗಡೆ ಸಿಗುತ್ತದೆ ಅಂದರೆ ಹೇಗಿರುತ್ತದೆ? ಬಿಡಬೇಕಾದರೆ ಮೊದಲು ಇರಬೇಕು. ದಾಖಲೆಯಲ್ಲಿ ಹೆಸರು ಇರುವವರಿಗೆ ಮಾತ್ರ ತ್ಯಾಗ ಅನ್ನುವ ಪದ ಸಲ್ಲುತ್ತದೆ. ನಡುವಯಸ್ಸಿನಲ್ಲಿ ಮನೆ ಮಾರಿ ಚಿಕ್ಕದಕ್ಕೆ ಹೋಗುವ ದಂಪತಿಗಳಲ್ಲಿ, ಹೊಸ ಮನೆಯ ದಾಖಲೆ ಯಾರ ಹೆಸರಿನಲ್ಲಿ ಆಗುತ್ತದೆ? ಈ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿನಿಯರು ಮನೆಗೆ ಹೋಗಿ ಕೇಳಲಿ.

6. ಕಾಸರಗೋಡಿನ ಚಾವಡಿ

ಇಷ್ಟು ಹೊತ್ತು ಕಾದಂಬರಿಯ ಮನೆಗಳು. ಈಗ ನಮ್ಮೂರಿನ ಮನೆಗಳಿಗೆ ಬರೋಣ.

1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. 1970ರ ಜನವರಿ 1ಕ್ಕೆ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು, ಗೇಣಿದಾರರಿಗೆ ಭೂಮಿ ಸಿಕ್ಕಿತು. 1976ರ ಡಿಸೆಂಬರ್ 1ರಿಂದ ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯೇ ಕಾನೂನಿನಲ್ಲಿ ರದ್ದಾಯಿತು. ಹಾಗಾಗಿ ಗುತ್ತು, ಬೀಡು, ತರವಾಡು ಅನ್ನುವ ದೊಡ್ಡ ಮನೆಗಳು ಪಾಲಿಗೆ ಬಂದವು. ಇಲ್ಲಿ ಮನೆ ಕಿರಿದಾದದ್ದು ಜೀವನಶೈಲಿಯ ಆಯ್ಕೆಯಿಂದ ಶುರುವಾದದ್ದಲ್ಲ, ನ್ಯಾಯದಿಂದ ಶುರುವಾದದ್ದು. ಅದು ಆಗಬೇಕಾಗಿತ್ತು. ಯಾರ ಬೆವರಿನಿಂದ ಆ ಮನೆಗಳು ಎದ್ದವೋ ಅವರಿಗೆ ತುಂಡು ಭೂಮಿ ಸಿಗುವುದಕ್ಕಿಂತ ದೊಡ್ಡ ಸರಳತೆ ಯಾವುದು?

ನಮ್ಮದೂ ಹಾಗೆಯೇ. ಹನ್ನೊಂದು ಕೋಣೆ, ಅಟ್ಟ, ಹಟ್ಟಿ, ಅಡಿಕೆ ಒಣಗಿಸುವ ದೊಡ್ಡ ಅಂಗಳ ಇದ್ದ ಮನೆ. ಗಂಡನ ಕಡೆಯ ಪಾಲು ಆದ ಮೇಲೆ ಅದನ್ನು ಬಿಚ್ಚಿ ಮರ, ಹಂಚು ಮಾರಿದರು. ನಾನು, ನನ್ನವರು ಎರಡು ಕೋಣೆಯ ಮನೆಗೆ ಬಂದೆವು. ನನಗೆ ಆಗ ಐವತ್ತೊಂದು. ನಿಜ ಹೇಳುತ್ತೇನೆ, ನನಗೆ ಸುಖವೇ ಆಯಿತು. ಬೆಳಿಗ್ಗೆ ಗುಡಿಸುವುದು ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಕೊಪ್ಪರಿಗೆ ತೊಳೆಯಲಿಕ್ಕಿಲ್ಲ, ಭರಣಿಗೆ ಬಿಸಿಲು ತೋರಿಸಲಿಕ್ಕಿಲ್ಲ. ಆ ಸಮಯದಲ್ಲಿ ಓದುತ್ತೇನೆ, ಈ ಲೇಖನ ಬರೆದದ್ದೂ ಆ ಸಮಯದಲ್ಲಿ. ಪಾರೋತಿ, ಸರಸೋತಿಯರಿಗೆ ಇದು ಸಿಕ್ಕಿರಲಿಲ್ಲ. ಸರಳತೆಯಿಂದ ಹೆಂಗಸಿನ ಬೆನ್ನು ನೆಟ್ಟಗಾಗುತ್ತದೆ ಅನ್ನುವುದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಆದರೆ ಲೆಕ್ಕದ ಇನ್ನೊಂದು ಬದಿಯೂ ಉಂಟು. ಹದಿನೆಂಟು ವರ್ಷ ಆ ಅಂಗಳ ಗುಡಿಸಿ, ಅಡಿಕೆ ಸುಲಿಯಲು ಬರುತ್ತಿದ್ದ ಒಬ್ಬರು ಕೇಳಿದರು, ತುಳುವಿನಲ್ಲಿ: “ಅಕ್ಕಾ, ಇನ್ನು ನಾನು ಬರಲಿಕ್ಕೆ ಎಲ್ಲಿ ಉಂಟು?” ಅವರು ಕೇಳಿದ್ದು ಸಂಬಳದ ವಿಷಯ ಮಾತ್ರ ಅಲ್ಲ. ನನ್ನ ಸರಳತೆ ಅವರ ಕೆಲಸವನ್ನು ಕಳೆದಿತ್ತು. ಮತ್ತೆ ದೈವ. ಮನೆ ಬಿಚ್ಚಿದರೂ ದೈವದ ಕೋಣೆ ಬಿಚ್ಚಲಿಕ್ಕಿಲ್ಲ, ಅದು ಆ ನೆಲದ್ದು. ವರ್ಷಕ್ಕೊಮ್ಮೆ ತಂಬಿಲಕ್ಕೆ ಎಲ್ಲ ಪಾಲಿನವರೂ ಅಲ್ಲಿಗೇ ಹೋಗಿ ಸೇರಬೇಕು. ಇದು ಸಂತೋಷ ಕೊಡುತ್ತದೆಯೇ ಅಂತ ಕೈಯಲ್ಲಿ ಹಿಡಿದು ಕೇಳುವ ವಸ್ತು ಅಲ್ಲ ಅದು!

ಮೂರನೆಯದು ನಮ್ಮ ಸಂಕಿರಣಕ್ಕೆ ನೇರ ಸಂಬಂಧಪಟ್ಟದ್ದು, ಚಾವಡಿ. ಕಾಸರಗೋಡಿನಲ್ಲಿ ಕನ್ನಡ ಬದುಕಿದ್ದು ಶಾಲೆಯಲ್ಲಿ, ಕಚೇರಿಯಲ್ಲಿ ಅಂತ ನಾವು ಹೋರಾಟದ ಭಾಷೆಯಲ್ಲಿ ಹೇಳುತ್ತೇವೆ. ಅದು ಅರ್ಧ ಮಾತು. ಮಳೆಗಾಲದ ರಾತ್ರಿ ಮನೆಯ ಚಾವಡಿಯಲ್ಲಿ ತಾಳಮದ್ದಳೆ ಆಗುತ್ತಿತ್ತು. ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು, ಶೇಣಿ ಗೋಪಾಲಕೃಷ್ಣ ಭಟ್ಟರು ಹುಟ್ಟಿದ ನೆಲ ಇದು. ಅಷ್ಟು ದೊಡ್ಡ ಅರ್ಥಗಾರಿಕೆ ಆಕಾಶದಿಂದ ಇಳಿದದ್ದಲ್ಲ. ಚಾವಡಿಯಲ್ಲಿ ಕೂತು ಕೇಳಿ, ತಪ್ಪು ಹಿಡಿದು, ವಾದ ಮಾಡಿದ ಜನ ಇದ್ದರು. ಪುರಾಣ ವಾಚನ, ಜೈಮಿನಿ ಭಾರತದ ಓದು ಕೂಡ ಅಲ್ಲಿಯೇ. ಮನೆಮಾತು ತುಳು, ಕೊಂಕಣಿ, ಮರಾಠಿ, ಹವ್ಯಕ ಏನೇ ಇರಲಿ, ಚಾವಡಿಯ ಮಾತು ಕನ್ನಡವಾಗಿತ್ತು. ಎರಡು ಕೋಣೆಯ ಮನೆಯಲ್ಲಿ ಅಡುಗೆಕೋಣೆ ಉಂಟು, ಮಲಗುವ ಕೋಣೆ ಉಂಟು. ಚಾವಡಿ ಇಲ್ಲ. ಅಂದರೆ ಮನೆಮಾತಿಗೆ ಜಾಗ ಉಂಟು, ಸಭೆಯ ಮಾತಿಗೆ ಜಾಗ ಇಲ್ಲ. ಗಡಿನಾಡಿನಲ್ಲಿ ಹೊರಗಿನ ಸಭೆಯ ಮಾತು ಆಗಲೇ ಬೇರೆ ಭಾಷೆಯದ್ದಾಗಿರುವಾಗ, ಒಳಗಿನ ಸಭೆಯೂ ಹೋದರೆ ಕನ್ನಡಕ್ಕೆ ಉಳಿಯುವುದು ಅಡುಗೆಕೋಣೆಯ ಮೂಲೆ. ನಮ್ಮಂಥ ಅನೇಕ ಮನೆಗಳಲ್ಲಿ ಅದೂ ಕನ್ನಡದ್ದಲ್ಲ, ತುಳುವಿನದ್ದು.

ಚಾವಡಿಯನ್ನು ನಾನು ಹೊಗಳುತ್ತ ಕೂತಿಲ್ಲ, ಇದನ್ನು ಒತ್ತಿ ಹೇಳಬೇಕು. ಅದು ಎಲ್ಲರಿಗೂ ತೆರೆದಿರಲಿಲ್ಲ. ಜಾತಿಯ ಲೆಕ್ಕದಲ್ಲಿ ಕೆಲವರು ಮೇಲೆ ಕೂತರು, ಕೆಲವರು ಅಂಗಳದಲ್ಲಿ ನಿಂತರು, ಕೆಲವರಿಗೆ ಅಂಗಳವೂ ಇರಲಿಲ್ಲ. ಹೆಂಗಸರು ಬಾಗಿಲ ಹಿಂದಿನಿಂದ ಕೇಳಿದರು. ಆದ್ದರಿಂದ ಚಾವಡಿ ಹೋಯಿತು ಅಂತ ಅಳುವುದರಲ್ಲಿ ಅರ್ಥವಿಲ್ಲ. ಅದು ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡುತ್ತಾರೆ ಅಂತ ಕೇಳುವುದರಲ್ಲಿ ಅರ್ಥ ಉಂಟು.

7. ಪುಸ್ತಕದ ಕಪಾಟು

ಈ ಪ್ರಶ್ನೆ ಬಹಳ ಸ್ಥೂಲವಾಗಿ ನಮ್ಮ ಮುಂದೆ ಬರುವುದು ಸ್ಥಳಾಂತರದ ದಿನ, ಪುಸ್ತಕದ ಕಪಾಟಿನ ಮುಂದೆ. ನಮ್ಮಲ್ಲಿ ಎಂಟು ಕಪಾಟು ಇತ್ತು, ಹೊಸ ಮನೆಯಲ್ಲಿ ಎರಡಕ್ಕೆ ಜಾಗ. ಪಾತ್ರೆಗೆ, ಮಂಚಕ್ಕೆ ಗಿರಾಕಿ ಸಿಗುತ್ತಾರೆ. ಕನ್ನಡ ಪುಸ್ತಕಕ್ಕೆ ಬೆಂಗಳೂರಿನಲ್ಲಾದರೆ ಯಾರೋ ಒಬ್ಬರು ಸಿಗಬಹುದು. ಇಲ್ಲಿ ಮುಂದಿನ ತಲೆಮಾರು ಇಂಗ್ಲಿಷ್ ಅಥವಾ ಮಲಯಾಳದಲ್ಲಿ ಓದುತ್ತಿದೆ. ಗಡಿಯ ಆಚೆ ಇರುವವರಿಗೆ ಪುಸ್ತಕ ಬಿಡುವುದು ಸಾಮಾನು ಕಡಿಮೆ ಮಾಡುವುದಾದರೆ, ಗಡಿಯ ಈಚೆ ಇರುವ ನಮಗೆ ಅದು ವಾರಸುದಾರಿಕೆಯ ತೀರ್ಮಾನ.

ಮಂಜೇಶ್ವರದ ಗೋವಿಂದ ಪೈಗಳದ್ದು ಇದಕ್ಕೆ ದೊಡ್ಡ ಉದಾಹರಣೆ. 1963ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಗ್ರಂಥ ಸಂಗ್ರಹ ಉಡುಪಿಯ ಎಂಜಿಎಂ ಕಾಲೇಜಿಗೆ ಹೋಯಿತು, ಅವರ ಹೆಸರಿನ ಸಂಶೋಧನ ಕೇಂದ್ರ ಇರುವುದೂ ಅಲ್ಲಿಯೇ. ಪುಸ್ತಕಗಳು ಉಳಿದವು, ಸಂಶೋಧಕರಿಗೆ ಸಿಕ್ಕವು. ಅದಕ್ಕೆ ನಾವು ಕೃತಜ್ಞರು. ಮಂಜೇಶ್ವರದಲ್ಲಿ ಈಗ ಗಿಳಿವಿಂಡು ಸ್ಮಾರಕವೂ ಉಂಟು. ಆದರೂ ವಿಮರ್ಶಕಳಾಗಿ ನಾನು ಗಮನಿಸುವುದು ಇಷ್ಟು: ಒಂದು ಮನೆ ಖಾಲಿಯಾದಾಗ ಅದರ ಕನ್ನಡ ಗಡಿ ದಾಟಿ ಹೋಯಿತು.

ನಮ್ಮ ಆರು ಕಪಾಟಿನ ಪುಸ್ತಕಗಳನ್ನು ನಾವು ಊರಿನ ವಾಚನಾಲಯಕ್ಕೆ ಕೊಟ್ಟೆವು. ಒಂದು ಷರತ್ತು ಹಾಕಿದೆವು: ವಾರಕ್ಕೊಂದು ಸಂಜೆ ಅಲ್ಲಿ ಕನ್ನಡ ಓದು ನಡೆಯಬೇಕು, ನಾವೂ ಬರುತ್ತೇವೆ. ಈಗ ಆರೇಳು ಜನ ಬರುತ್ತಾರೆ. ಮಲಯಾಳಿ ಹುಡುಗಿ ಒಬ್ಬಳು ಲಿಪಿ ಕಲಿಯಲಿಕ್ಕೆ ಬರುತ್ತಾಳೆ. ನಮ್ಮ ಹಳೆಯ ಅಂಗಳ ಗುಡಿಸುತ್ತಿದ್ದವರ ಮೊಮ್ಮಗ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಚಾವಡಿಯಲ್ಲಿ ಅವನಿಗೆ ಆ ಜಾಗ ಇರಲಿಲ್ಲ.

ಹೀಗೆ ನಾಲ್ಕು ಕೃತಿಗಳಿಂದ ನಾನು ಎತ್ತಿಕೊಳ್ಳುವುದು ನಾಲ್ಕು ಪ್ರಶ್ನೆ. ಮನೆ ಕಿರಿದಾದಾಗ ಯಾರ ಭಾರ ಇಳಿಯಿತು? ದಾರಿ ತಪ್ಪಿ ಬಂದವನಿಗೆ ಇನ್ನೂ ಜಾಗ ಉಂಟೇ? ಒಳಗಿನವರ ಒಗ್ಗಟ್ಟು ಹೊರಗಿನವರ ಮೇಲೆ ಹಗೆಯಾಗಿ ತಿರುಗಿತೇ? ದಾಖಲೆಯಲ್ಲಿ ಯಾರ ಹೆಸರು? ಇವಕ್ಕೆ ಗಡಿನಾಡಿನ ಐದನೆಯ ಪ್ರಶ್ನೆ ಸೇರಿಸುತ್ತೇನೆ: ಆ ಮನೆಯಲ್ಲಿದ್ದ ಸಭೆ ಎಲ್ಲಿಗೆ ಹೋಯಿತು? ಸ್ವಂತ ಮನೆ ಕಿರಿದಾದಷ್ಟೂ ಊರಿನ ಕೋಣೆ ಹಿರಿದಾಗಬೇಕು. ಅದಾಗದೆ ನಡೆಯುವ ಸರಳತೆ ಕೇವಲ ಕುಗ್ಗುವಿಕೆ.

ಚರ್ಚೆಯಿಂದ

ಸಂಶೋಧನಾ ವಿದ್ಯಾರ್ಥಿ, ಸೊಲ್ಲಾಪುರ: ಮೇಡಂ, ನಮ್ಮ ಕಡಿ ಗಿರಣಿ ಕಾರ್ಮಿಕರ ಚಾಳಿನಾಗ ಒಂದss ಖೋಲಿ. ದೊಡ್ಡ ಮನಿ ಅನ್ನೋದನ್ನ ನಮ್ಮ ಹಿರ್ಯಾರು ಕಂಡss ಇಲ್ಲ. ನಿಮ್ಮ ಐದು ಪ್ರಶ್ನಿ ನಮಗ ಹೆಂಗ ಹೊಂದತಾವ?

ಉತ್ತರ: ಒಳ್ಳೆಯ ಪ್ರಶ್ನೆ. ಚಾಳಿನಲ್ಲಿ ಖೋಲಿ ಚಿಕ್ಕದು, ಆದರೆ ಪಡಸಾಲೆ ಎಲ್ಲರದ್ದು, ನಲ್ಲಿ ಎಲ್ಲರದ್ದು. ಕನ್ನಡ, ಮರಾಠಿ, ತೆಲುಗು ಅಲ್ಲಿ ಕಲೆತವು. ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳನ್ನು ಈ ದೃಷ್ಟಿಯಿಂದ ಓದಿ. ಅಲ್ಲಿಯ ಜನರ ಬದುಕು ಕೋಣೆಗಿಂತ ಹೆಚ್ಚಾಗಿ ಕೋಣೆಯ ಹೊರಗೆ ನಡೆಯುತ್ತದೆ. ನಿಮ್ಮ ಹಿರಿಯರಿಗೆ ಸಾಮಾನು ಬಿಡುವ ಪ್ರಶ್ನೆ ಬರಲಿಲ್ಲ, ಆದರೆ ಚಾಳು ಕೆಡವಿ ಪ್ರತಿಯೊಬ್ಬರಿಗೂ ಬಾಗಿಲು ಮುಚ್ಚಿದ ಫ್ಲ್ಯಾಟು ಕೊಟ್ಟಾಗ ಐದನೆಯ ಪ್ರಶ್ನೆ ಬಂದೇ ಬರುತ್ತದೆ. ನೀವೇ ಇದರ ಬಗ್ಗೆ ಬರೆಯಬೇಕು.

ಅಧ್ಯಾಪಕರು, ಅಕ್ಕಲಕೋಟೆ: ನೀವು ಆಧುನಿಕ ಕಾದಂಬರಿಯಲ್ಲೇ ನಿಂತಿರಿ. ಆಯ್ದಕ್ಕಿ ಲಕ್ಕಮ್ಮನನ್ನು ಯಾಕೆ ಬಿಟ್ಟಿರಿ? ಸರಳತೆಗೆ ಅವಳಿಗಿಂತ ದೊಡ್ಡ ಸಾಕ್ಷಿ ಬೇಕೇ?

ಉತ್ತರ: ಸರ್, ಹನ್ನೆರಡನೆಯ ಶತಮಾನಕ್ಕೆ ಹೋದರೆ ಇನ್ನೊಂದು ಗಂಟೆ ಬೇಕು ಅಂತ ಬಿಟ್ಟದ್ದು. ನೀವು ನೆನಪಿಸಿದ್ದು ಒಳ್ಳೆಯದಾಯಿತು. ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂದವಳು ಲಕ್ಕಮ್ಮ. ಎರಡು ಸಂಗತಿ ಗಮನಿಸಬೇಕು. ‘ಸಾಕು’ ಅನ್ನುವ ತೀರ್ಮಾನ ಅಲ್ಲಿ ಹೆಂಡತಿಯದ್ದು. ಮತ್ತೆ ಆ ಸ್ವಲ್ಪ ಅಕ್ಕಿಯಿಂದಲೇ ಅವರು ದಾಸೋಹ ನಡೆಸುತ್ತಿದ್ದರು. ಸಂಗ್ರಹ ಕಿರಿದು, ಪಂಕ್ತಿ ಹಿರಿದು. ಇಂದಿನ ಸರಳತೆಯ ಪುಸ್ತಕಗಳು ಮೊದಲ ಅರ್ಧವನ್ನು ಹೇಳಿ ಎರಡನೆಯ ಅರ್ಧವನ್ನು ಬಿಡುತ್ತವೆ.

ವಿದ್ಯಾರ್ಥಿನಿ, ರಾಯದುರ್ಗ: ನಮ್ಮೂರಾಗೆ ಬರ ಬಂದು ಜನ ಮನೆಗೆ ಬೀಗ ಹಾಕ್ಕೊಂಡು ದುಡಿಯಾಕೆ ಹೋಗ್ತಾರೆ. ಬೀಗ ಹಾಕಿದ ಮನೆ ದೊಡ್ಡದಾ, ಚಿಕ್ಕದಾ ಮೇಡಂ?

ಉತ್ತರ: ಇದಕ್ಕೆ ನನ್ನ ಓದಿನಲ್ಲಿ ಉತ್ತರ ಇಲ್ಲ ಮಗಾ. ನಾನು ತೆಗೆದುಕೊಂಡ ನಾಲ್ಕು ಕೃತಿಗಳಲ್ಲೂ ಮನೆಯ ಬಾಗಿಲು ಹೇಗೋ ತೆರೆದೇ ಇದೆ. ಬೀಗ ಹಾಕಿದ ಮನೆಯ ಕತೆಯನ್ನು ನಿನ್ನ ಊರಿನವರಿಂದ ಕೇಳಿ ಬರೆದುಕೋ. ಬೀಗದ ಕೈ ಯಾರ ಹತ್ತಿರ ಇಟ್ಟು ಹೋಗುತ್ತಾರೆ, ಅವರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಅಲ್ಲಿಂದ ಶುರುಮಾಡು.

ಸಮಯ ಮುಗಿಯಿತು ಅಂತ ಸಂಚಾಲಕರು ಬರೆದಿದ್ದಾರೆ.